ಸಿಜೀಜಿಯಂ
ಮಿರ್ಟೇಸೀ ಕುಟುಂಬಕ್ಕೆ ಸೇರಿದ, ಸುಮಾರು 1,200 ಪ್ರಭೇದಗಳುಳ್ಳ ನಿತ್ಯಹಸುರಿನ ಮರ ಹಾಗೂ ಪೊದೆಗಳ ಜಾತಿ. ಆಫ್ರಿಕದಿಂದ ದಕ್ಷಿಣ ಏಷ್ಯ, ಆಸ್ಟ್ರೇಲಿಯ, ಪೆಸಿಫಿಕ್ ದ್ವೀಪಗಳವರೆಗೆ ವ್ಯಾಪಿಸಿದೆ. ನೇರಳೆ, ಪನ್ನೇರಳೆ, ಲವಂಗ ಇದರ ಪರಿಚಿತ ಪ್ರಭೇದಗಳು. ಅಭಿಮುಖ ಎಲೆ, ಎಲೆಯಲ್ಲಿ ತೈಲಗ್ರಂಥಿ, ಹಲವಾರು ಕೇಸರ, ರಸಭರಿತ ಹಣ್ಣು ಸಾಮಾನ್ಯ ಲಕ್ಷಣಗಳು.

ಈ ಜಾತಿಯನ್ನು ಅದೇ ಕುಟುಂಬದ ಯೂಜೀನಿಯ ಜಾತಿಯಿಂದ ಬೇರ್ಪಡಿಸಬೇಕೆ ಎಂಬುದು ದೀರ್ಘಕಾಲದ ವಿವಾದ. ನೇರಳೆಯ ಹೆಸರುಗಳೇ ಇದಕ್ಕೆ ಸಾಕ್ಷಿ: ಲಿನೇಯಸ್ 1753ರಲ್ಲಿ ಅದನ್ನು ಮಿರ್ಟಸ್ ಕ್ಯುಮಿನಿ ಎಂದ, ಲಮಾರ್ಕ್ ಯೂಜೀನಿಯ ಜಂಬೊಲಾನ ಎಂದ, 1912ರಲ್ಲಿ ಸ್ಕೀಲ್ಸ್ ಸಿಜೀಜಿಯಂ ಕ್ಯುಮಿನಿ ಎಂದ. ಲಿನೇಯಸನ ಪ್ರಭೇದನಾಮ ಹಳೆಯದಾದ್ದರಿಂದ ಆದ್ಯತೆಯ ನಿಯಮದಂತೆ ಅದೇ ಉಳಿಯಿತು. ಹೂವು, ಹಣ್ಣುಗಳ ಹೋಲಿಕೆಯನ್ನು ನಂಬಿದವರು ಎರಡನ್ನೂ ಒಂದಾಗಿಸಿದ್ದರು. ಆದರೆ ರಸಭರಿತ ಹಣ್ಣು ಈ ಕುಟುಂಬದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವಿಕಾಸಗೊಂಡಿರುವುದರಿಂದ ಅದು ರಕ್ತಸಂಬಂಧದ ದುರ್ಬಲ ಪುರಾವೆ. ಅಂಡಕಗಳಿಗೆ ನಾಳಗಳು ಸಿಜೀಜಿಯಂನಲ್ಲಿ ಅಂಡಾಶಯದ ನಡು ಅಕ್ಷದಿಂದಲೂ ಯೂಜೀನಿಯದಲ್ಲಿ ವಿಭಾಜಕ ಗೋಡೆಯ ಮೂಲಕವೂ ಸಾಗುತ್ತವೆಂದು ಸಸ್ಯವಿಜ್ಞಾನಿ ಸ್ಮಿಡ್ 1972ರಲ್ಲಿ ತೋರಿಸಿದ. ಡಿಎನ್‌ಎ ಅಧ್ಯಯನಗಳು ಎರಡನ್ನೂ ಬೇರೆ ಬೇರೆ ಪಂಗಡಗಳಲ್ಲಿರಿಸಿ ಅವು ಪ್ರತ್ಯೇಕ ಜಾತಿಗಳೆಂಬ ತೀರ್ಮಾನವನ್ನು ಬಲಪಡಿಸಿದವು. ಹೆಸರು ಬದಲಾದರೆ ಔಷಧ, ಅರಣ್ಯ ಗ್ರಂಥಗಳಲ್ಲಿ ಗೊಂದಲವಾಗುತ್ತದೆಂಬ ಆಕ್ಷೇಪ ನಿಜವೇ. ಆದರೂ ಪರ್ಯಾಯನಾಮಗಳ ಪಟ್ಟಿ ಅದನ್ನು ನಿವಾರಿಸಬಲ್ಲದು, ತಪ್ಪು ಬಾಂಧವ್ಯವನ್ನು ಪಟ್ಟಿ ತಿದ್ದಲಾರದು. ಬೇರ್ಪಡಿಸುವುದೇ ಸದಾ ಸರಿ ಎಂದೂ ಅಲ್ಲ: ಇದೇ ಬಗೆಯ ಪುರಾವೆಯ ಮೇಲೆ ಬೇರೆ ಜಾತಿಗಳೆನಿಸಿದ್ದ ಆಕ್ಮೀನ, ಕ್ಲೈಸ್ಟೊಕ್ಯಾಲಿಕ್ಸ್‌ಗಳನ್ನು 2006ರಲ್ಲಿ ಸಿಜೀಜಿಯಂಗೆ ಸೇರಿಸಲಾಯಿತು.