ಮಿಕ್ಕಿಯ ಟೋಪಿ ಮತ್ತು ಅವಸರದ ಆಟ



ಮಿಕ್ಕಿ ಮೌಸ್ ಯಾರಿಗೆ ಗೊತ್ತಿಲ್ಲ? ಆದರೆ ಅದೇ ಮಿಕ್ಕಿಯ ಚಿತ್ರ ಹೊತ್ತು 1991ರಲ್ಲಿ ಅಂಗಡಿಗೆ ಬಂದು, ಬೇಗನೆ ಮಾರಾಟದಿಂದ ಹಿಂದೆ ಸರಿದ ವಿಡಿಯೋ ಗೇಮ್ ಒಂದಿದೆ. ಅದರ ಹೆಸರು ‘ಫ್ಯಾಂಟೇಷಿಯಾ’. ಅದು ಯಾಕೆ ಸೋತಿತು ಎಂದು ತಿಳಿಯಲು ಮೊದಲು ಅದೇ ಹೆಸರಿನ ಸಿನಿಮಾ ಹುಟ್ಟಿದ ಕಥೆ ಕೇಳಬೇಕು.

1930ರ ದಶಕದ ಕೊನೆಗೆ ಡೊನಾಲ್ಡ್ ಡಕ್‌ನ ಎದುರು ಮಿಕ್ಕಿಯ ಜನಪ್ರಿಯತೆ ಕುಗ್ಗುತ್ತಿತ್ತು. ಮಿಕ್ಕಿಯನ್ನು ಮತ್ತೆ ಮೇಲೆತ್ತಲು ವಾಲ್ಟ್ ಡಿಸ್ನಿ ಒಂದು ಕಿರುಚಿತ್ರ ಯೋಚಿಸಿದರು. ಫ್ರೆಂಚ್ ಸಂಗೀತಗಾರ ಪಾಲ್ ಡ್ಯೂಕಾ 1897ರಲ್ಲಿ ರಚಿಸಿದ ಕೃತಿಯೇ ಅದರ ಆಧಾರ. ಕಥೆ ಸರಳ. ಗುರು ಇಲ್ಲದ ಹೊತ್ತಿನಲ್ಲಿ ಶಿಷ್ಯ ಅವರ ಮಾಂತ್ರಿಕ ಟೋಪಿ ಹಾಕಿಕೊಂಡು, ನೀರು ಹೊರುವ ಕೆಲಸವನ್ನು ಹಿಡಿಸೂಡಿಗೆ ಒಪ್ಪಿಸುತ್ತಾನೆ. ಅದನ್ನು ನಿಲ್ಲಿಸುವ ವಿದ್ಯೆ ಮಾತ್ರ ಅವನು ಕಲಿತಿಲ್ಲ. ಮನೆಯೆಲ್ಲ ನೀರು!

ಖರ್ಚು ಏರುತ್ತಾ ಹೋದಾಗ ಡಿಸ್ನಿ ಅದನ್ನು ಕೈಬಿಡಲಿಲ್ಲ. ಸಂಗೀತ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿಯವರ ಜೊತೆ ಸೇರಿ, ಬಾಖ್, ಬೀಥೋವನ್ ಮುಂತಾದವರ ಕೃತಿಗಳನ್ನೂ ಸೇರಿಸಿ ಪೂರ್ಣ ಪ್ರಮಾಣದ ಸಿನಿಮಾ ಮಾಡಿದರು. 1940ರ ನವೆಂಬರ್ 13ರಂದು ಅದು ನ್ಯೂಯಾರ್ಕ್‌ನಲ್ಲಿ ತೆರೆಕಂಡಿತು.

ಸಿನಿಮಾದ ಕೊನೆಯ ಭಾಗ ನಮಗೆಲ್ಲ ಹತ್ತಿರವಾದದ್ದು. ಬೆಟ್ಟದ ಮೇಲೆ ರಾತ್ರಿಯಿಡೀ ಕುಣಿದ ದುಷ್ಟಶಕ್ತಿ ಗಂಟೆಯ ನಾದಕ್ಕೆ ಹೆದರಿ ಮುದುಡುತ್ತದೆ. ಆಮೇಲೆ ಶೂಬರ್ಟ್‌ನ ‘ಆವೆ ಮರಿಯ’ ಕೇಳಿಬರುತ್ತದೆ. ದೀಪ ಹಿಡಿದ ಭಕ್ತರು ಸಾಲಾಗಿ ಕಾಡಿನ ನಡುವೆ ಬೆಳಗಿನ ಕಡೆಗೆ ನಡೆಯುತ್ತಾರೆ. ಈ ಉದ್ದನೆಯ ದೃಶ್ಯವನ್ನು ಮೂರು ಸಲ ಚಿತ್ರೀಕರಿಸಬೇಕಾಯಿತು. ಮೊದಲ ಸಲ ಕ್ಯಾಮೆರಾಕ್ಕೆ ತಪ್ಪು ಲೆನ್ಸ್ ಹಾಕಿದ್ದರು. ಎರಡನೆಯ ಸಲ ಸಣ್ಣ ಭೂಕಂಪ ಬಂದು ಚೌಕಟ್ಟುಗಳು ಅಲುಗಾಡಿದವು. ಮೂರನೆಯ ಸಲ ಸರಿಯಾದ ತುಣುಕು ನ್ಯೂಯಾರ್ಕ್ ತಲುಪಿ, ಮೊದಲ ಪ್ರದರ್ಶನಕ್ಕೆ ಕೆಲವೇ ಗಂಟೆಗಳ ಮುಂಚೆ ಸಿನಿಮಾಕ್ಕೆ ಸೇರಿತು.

ಆದರೂ ಸಿನಿಮಾ ಆಗ ಲಾಭ ತರಲಿಲ್ಲ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು. ಅದರ ಹೊಸ ಬಗೆಯ ಸ್ಟೀರಿಯೋ ಧ್ವನಿಗೆ ಬೇಕಾದ ಯಂತ್ರಗಳೂ ದುಬಾರಿ. ಮರುಬಿಡುಗಡೆಗಳಲ್ಲಿ ನಿಧಾನವಾಗಿ ಅದಕ್ಕೆ ಗೌರವ ಸಿಕ್ಕಿತು.

ಇನ್ನು ಆಟಕ್ಕೆ ಬರೋಣ. 1990ರಲ್ಲಿ ಜಪಾನಿನ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಯಂತ್ರಕ್ಕಾಗಿ ‘ಕ್ಯಾಸಲ್ ಆಫ್ ಇಲ್ಯೂಷನ್’ ಎಂಬ ಮಿಕ್ಕಿಯ ಆಟ ತಂದಿತ್ತು. ಎಮಿಕೊ ಯಮಮೊಟೊ ನಿರ್ದೇಶಿಸಿದ ಆ ಆಟವನ್ನು ಜನ ಬಹಳ ಮೆಚ್ಚಿದರು. ಮರುವರ್ಷವೇ ‘ಫ್ಯಾಂಟೇಷಿಯಾ’ ಬಂತು. ಇದನ್ನು ತಯಾರಿಸಿದ್ದು ಫ್ರಾನ್ಸಿನ ಇನ್ಫೋಗ್ರಾಮ್ಸ್.

ಆಟದಲ್ಲಿ ಮಿಕ್ಕಿ ಕಳೆದುಹೋದ ಸಂಗೀತದ ಸ್ವರಗಳನ್ನು ಹುಡುಕಬೇಕು. ಯೋಚನೆ ಚೆನ್ನಾಗಿತ್ತು, ಚಿತ್ರಗಳೂ ಪರವಾಗಿಲ್ಲ. ಆದರೆ ಆಡಲು ಕೂತರೆ ತೊಂದರೆ ಶುರು. ಇಂಥ ಆಟದಲ್ಲಿ ಪ್ರತಿ ಪಾತ್ರದ ಸುತ್ತ ಕಣ್ಣಿಗೆ ಕಾಣದ ಒಂದು ಚೌಕ ಇರುತ್ತದೆ. ಎರಡು ಚೌಕಗಳು ತಾಗಿದವೇ ಎಂದು ಪ್ರೋಗ್ರಾಮ್ ಪ್ರತಿ ಕ್ಷಣ ಲೆಕ್ಕ ಹಾಕುತ್ತದೆ. ಈ ಲೆಕ್ಕ ಕಣ್ಣಿಗೆ ಕಾಣುವ ಚಿತ್ರಕ್ಕೆ ಹೊಂದದಿದ್ದರೆ, ಶತ್ರುವಿನ ಮೇಲೆ ಸರಿಯಾಗಿ ಹಾರಿದರೂ ಪೆಟ್ಟು ಮಿಕ್ಕಿಗೇ ಬೀಳುತ್ತದೆ. ಫ್ಯಾಂಟೇಷಿಯಾದಲ್ಲಿ ಆದದ್ದು ಇದೇ. ಸಾಕಷ್ಟು ಸ್ವರ ಸಿಗದಿದ್ದರೆ ಹಂತವೂ ಮುಗಿಯುವುದಿಲ್ಲ, ಮತ್ತೆ ಹುಡುಕಬೇಕು.

ದೊಡ್ಡ ನಿರಾಸೆ ಸಂಗೀತದ್ದು. ಇಡೀ ವಾದ್ಯವೃಂದಕ್ಕಾಗಿ ಬರೆದ ಕೃತಿಗಳನ್ನು ಆರು ಚಾನೆಲ್‌ಗಳ ಒಂದು ಪುಟ್ಟ ಚಿಪ್ ನುಡಿಸಬೇಕಿತ್ತು. ಚಿಪ್‌ನದ್ದೇ ತಪ್ಪು ಎನ್ನುವಂತಿಲ್ಲ. ‘ಕ್ಯಾಸಲ್ ಆಫ್ ಇಲ್ಯೂಷನ್’ ಅದೇ ಯಂತ್ರದಲ್ಲಿ ಇಂಪಾಗಿತ್ತು, ಏಕೆಂದರೆ ಅದರ ರಾಗಗಳನ್ನು ಆ ಚಿಪ್‌ಗಾಗಿಯೇ ಹೊಸೆದಿದ್ದರು.

ಕೊನೆಗೆ ಆಟವನ್ನು ಮಾರಾಟದಿಂದ ಹಿಂದಕ್ಕೆ ಪಡೆದರು. ಅದಕ್ಕೆ ಕಾರಣ ಆಟದ ದೋಷಗಳಲ್ಲ ಎನ್ನುತ್ತಾರೆ. ಈ ಸಿನಿಮಾದ ಹೆಸರನ್ನು ಇಂಥ ಸರಕುಗಳಿಗೆ ಬಳಸಬಾರದು ಎಂಬುದು ವಾಲ್ಟ್ ಅವರ ಅಣ್ಣನ ಮಗ ರಾಯ್ ಇ. ಡಿಸ್ನಿಯವರ ನಿಲುವಾಗಿತ್ತು, ಪರವಾನಗಿ ತಪ್ಪಾಗಿ ಹೋಗಿತ್ತು ಎಂಬುದು ಆಟಗಳ ಇತಿಹಾಸದಲ್ಲಿ ಪ್ರಚಲಿತವಾದ ವಿವರಣೆ. ವಾಲ್ಟ್ ತೀರಿಕೊಂಡು ಆಗ 25 ವರ್ಷಗಳಾಗಿದ್ದವು.

ಕ್ರಿಸ್‌ಮಸ್ ನಾಟಕದ ಪರದೆಯನ್ನು ಹಿಂದಿನ ರಾತ್ರಿ ಕಟ್ಟುವ ನಮಗೆ ಗಡುವು ಹೊಸದೇನಲ್ಲ. ಸಿನಿಮಾ ಮಾಡಿದವರಿಗೂ ಗಡುವು ಕತ್ತಿನವರೆಗೆ ಬಂದಿತ್ತು, ಆದರೂ ಹಾಳಾದ ದೃಶ್ಯವನ್ನು ಅವರು ಮತ್ತೆ ತೆಗೆದರು. ಆಟ ಮಾತ್ರ ತಿದ್ದದ ತಪ್ಪುಗಳನ್ನು ಹೊತ್ತುಕೊಂಡೇ ಮಕ್ಕಳ ಕೈಗೆ ಹೋಯಿತು. ಮುಚ್ಚಳದ ಮೇಲೆ ಮಿಕ್ಕಿ ಗುರುವಿನ ಟೋಪಿ ಧರಿಸಿದ್ದ, ಒಳಗೆ ವಿದ್ಯೆ ಅರ್ಧವೇ ಇತ್ತು.

ಬಿಡುವಿದ್ದಾಗ ಮನೆಯವರೆಲ್ಲ ಕೂತು ಸಿನಿಮಾ ನೋಡಿ. ಕೊನೆಯಲ್ಲಿ ಗಂಟೆ ಕೇಳಿಸುವವರೆಗೂ ಎದ್ದು ಹೋಗಬೇಡಿ.