ದೇವಯಾನಿ ಗೆಲಾಕ್ಸಿಯೂ ಕೋಲಾರ ಸೀಮೆಯೂ: ನೆರೆಯ ಗೆಲಾಕ್ಸಿಗಳ ಅಧ್ಯಯನದ ಒಂದು ಪ್ರಾದೇಶಿಕ ಚರಿತ್ರೆ

ಕೋಲಾರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗಂಗರ ಕುವಲಾಲಪುರದಿಂದ ಹೊರಟು, ಕೋಲಾರಮ್ಮನ ಗುಡಿ, ಚೋಳರ ಶಾಸನಗಳನ್ನು ಹಾದು ಚಿನ್ನದ ಗಣಿಗೆ ಬಂದು ನಿಲ್ಲುತ್ತಾರೆ. ಇದೇ ನೆಲದಿಂದ ಆಕಾಶವನ್ನು ಅಳೆದ ಕತೆಗೆ ಅಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದು ಅಪರೂಪ. ನಮ್ಮ ಆಕಾಶಗಂಗೆಗೆ ಹತ್ತಿರದ ದೊಡ್ಡ ಸುರುಳಿ ಗೆಲಾಕ್ಸಿಯಾದ ದೇವಯಾನಿ, ಅಂದರೆ ಆಂಡ್ರೊಮಿಡಾ, ಹಾಗೂ ಅದರ ನೆರೆಹೊರೆಯ ಅಧ್ಯಯನಕ್ಕೆ ಕೋಲಾರ ಸೀಮೆಗಿರುವ ನಂಟನ್ನು ಒಂದೆಡೆ ಜೋಡಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆ. ಪರ್ಷಿಯಾದ ಅಲ್-ಸೂಫಿ ಕ್ರಿ.ಶ. 964ರ ಹೊತ್ತಿಗೇ ದೇವಯಾನಿಯನ್ನು ಚಿಕ್ಕ ಮೋಡವೆಂದು ದಾಖಲಿಸಿದ್ದ. ಅದು ನಮ್ಮತ್ತ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದು 1912ರಲ್ಲಿ ಸ್ಲೈಫರ್ ಕಂಡುಕೊಂಡರು. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅದರೊಳಗೆ ಮಿಡಿಯುವ ಸೆಫಿಡ್ ತಾರೆಯೊಂದನ್ನು ಗುರುತಿಸಿದ ಮೇಲೆಯೇ ಅದು ಆಕಾಶಗಂಗೆಯ ಹೊರಗಿನದು ಎಂಬುದು ಇತ್ಯರ್ಥವಾಯಿತು. ಅದರ ದೂರವೆಂದು ಹಬಲ್ ಹೇಳಿದ್ದು ಸುಮಾರು 9 ಲಕ್ಷ ಜ್ಯೋತಿರ್ವರ್ಷ. 1952ರಲ್ಲಿ ವಾಲ್ಟರ್ ಬಾಡೆ ಅದನ್ನು ದುಪ್ಪಟ್ಟಾಗಿಸಿದರು. ಈಗಿನ ಲೆಕ್ಕ ಸುಮಾರು 25 ಲಕ್ಷ. ದೇವಯಾನಿಯ ಮಗ್ಗುಲಲ್ಲಿ ಎಂ 32, ಎಂ 110 ಎಂಬ ಕುಬ್ಜ ಗೆಲಾಕ್ಸಿಗಳಿವೆ; ಆಚೆಗೆ ತ್ರಿಕೋಣದ ಎಂ 33. ನಮ್ಮ ಕಡೆ ದೊಡ್ಡ, ಚಿಕ್ಕ ಮೆಗೆಲನ್ ಮೋಡಗಳು. ಇವನ್ನೆಲ್ಲ ಸೇರಿಸಿ ‘ಸ್ಥಳೀಯ ಗುಂಪು’ ಎಂದು ಕರೆದವರೂ ಹಬಲ್ ಅವರೇ.

ಈ ನೆರೆಹೊರೆ ಕೋಲಾರಕ್ಕೆ ಕಾಣುವ ಬಗೆಯಲ್ಲಿ ಭೇದವಿದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಲ್ಲಿ ದೇವಯಾನಿ ನೆತ್ತಿಯಿಂದ ಉತ್ತರಕ್ಕೆ 28 ಡಿಗ್ರಿ ಸರಿದು ಹಾಯುತ್ತದೆ. ದೊಡ್ಡ ಮೆಗೆಲನ್ ಮೋಡವೋ, ಡಿಸೆಂಬರಿನ ನಡುರಾತ್ರಿಯಲ್ಲೂ ದಕ್ಷಿಣ ದಿಗಂತದಿಂದ ಏಳು ಡಿಗ್ರಿಯಷ್ಟೇ ಏರುತ್ತದೆ. ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು.

ಸೀಮೆಯ ಮೊದಲ ದೊಡ್ಡ ಪ್ರಯತ್ನ ಆಕಾಶ ನೋಡಿ ನಡೆದದ್ದಲ್ಲ, ಗಣಿಗಿಳಿದು ನಡೆದದ್ದು. ಹೋಮಿ ಭಾಭಾ ಅವರ ಸೂಚನೆಯಂತೆ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ (ಕೆ.ಜಿ.ಎಫ್.) ವಿಶ್ವಕಿರಣದ ಮ್ಯುಯಾನ್ ಕಣಗಳನ್ನು ಎಣಿಸತೊಡಗಿದರು. ಆಳಕ್ಕೆ ಹೋದಂತೆ ಎಣಿಕೆ ಕುಸಿಯಿತು; ಕೊನೆಗೆ ತೀರ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಕಣವೂ ಸಿಗಲಿಲ್ಲ. ಸೋಲಿನಂತೆ ಕಂಡ ಈ ಫಲಿತಾಂಶವೇ ಅನುಕೂಲವಾಯಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ, ಬಂಡೆಯನ್ನು ಲೆಕ್ಕಿಸದೆ ತೂರಿ ಬರುವ ನ್ಯೂಟ್ರಿನೊಗಳನ್ನು ಹಿಡಿಯಬಹುದು. 1965ರಲ್ಲಿ ಟಾಟಾ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಡರ್ಹ್ಯಾಮ್ ವಿಶ್ವವಿದ್ಯಾಲಯದವರು ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ಸುಮಾರು 2300 ಮೀಟರ್ ಆಳದಲ್ಲಿ, ಪ್ಲಾಸ್ಟಿಕ್ ಸಿಂಟಿಲೇಟರ್‌ಗಳ ಎರಡು ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದರು. ನಡುವೆ ನಿಯಾನ್ ಫ್ಲ್ಯಾಶ್ ಕೊಳವೆಗಳ ಸಾಲು. ಗೋಡೆಗಳು ನೆಟ್ಟಗಿದ್ದುದಕ್ಕೆ ಕಾರಣವಿದೆ. ಮೇಲಿಂದ ನುಸುಳುವ ಮ್ಯುಯಾನ್‌ಗಳು ಹೆಚ್ಚುಕಡಿಮೆ ಲಂಬವಾಗಿಯೇ ಇಳಿಯುತ್ತವೆ. ಅಡ್ಡಡ್ಡ ಬಂದ ಜಾಡು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿ ಹೊಡೆದದ್ದರ ಗುರುತು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರ ಪ್ರಬಂಧ ಆ ವರ್ಷದ ಆಗಸ್ಟ್ 15ರಂದು ಪ್ರಕಟವಾಯಿತು; ಇದೇ ಶೋಧದಲ್ಲಿ ತೊಡಗಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ರೈನ್ಸ್ ತಂಡದ್ದು ಆಗಸ್ಟ್ 30ಕ್ಕೆ. ಇವು ಭೂಮಿಯ ವಾತಾವರಣದಲ್ಲೇ ಹುಟ್ಟಿದ ನ್ಯೂಟ್ರಿನೊಗಳು, ಬೇರೆ ಗೆಲಾಕ್ಸಿಯವಲ್ಲ ಎಂಬುದನ್ನು ಮರೆಯಬಾರದು.

ಬೇರೆ ಗೆಲಾಕ್ಸಿಯವು ಬಂದದ್ದು 1987ರ ಫೆಬ್ರವರಿ 23ರಂದು, ದೊಡ್ಡ ಮೆಗೆಲನ್ ಮೋಡದ ಸೂಪರ್‌ನೋವಾದಿಂದ. ಜಪಾನಿನ ಕಮಿಯೊಕಾಂಡೆ, ಅಮೆರಿಕದ ಐ.ಎಂ.ಬಿ., ಸೋವಿಯತ್ ದೇಶದ ಬಕ್ಸಾನ್ ಸೇರಿ ದಾಖಲಿಸಿದ್ದು ಇಪ್ಪತ್ತೈದರ ಆಸುಪಾಸು. ಪ್ರೋಟಾನ್ ಕ್ಷಯದ ಶೋಧಕ್ಕೆಂದು 1980ರ ದಶಕದಲ್ಲಿ ಕೆ.ಜಿ.ಎಫ್. ಆಳದಲ್ಲಿ ಇಟ್ಟಿದ್ದ ಉಪಕರಣಗಳು ಕಬ್ಬಿಣದ ತಟ್ಟೆಗಳ ನಡುವಿನ ಅನಿಲ ಕೊಳವೆಗಳು. ಹೆಚ್ಚು ಶಕ್ತಿಯ ಉದ್ದ ಜಾಡುಗಳಿಗೆ ಹೊಂದಿಸಿದವು. ಸೂಪರ್‌ನೋವಾದ ಕಡಿಮೆ ಶಕ್ತಿಯ ನ್ಯೂಟ್ರಿನೊಗಳಿಗೆ ನೀರಿನ ಅಥವಾ ಸಿಂಟಿಲೇಟರ್ ದ್ರವದ ತೊಟ್ಟಿಯೇ ಸರಿ. ಹಾಗಾಗಿ ಆ ಪಟ್ಟಿಯಲ್ಲಿ ಕೋಲಾರದ ಹೆಸರಿಲ್ಲ. ಉದ್ದೇಶವೇ ಬೇರೆಯಾಗಿದ್ದ ಉಪಕರಣವನ್ನು ಇದಕ್ಕಾಗಿ ದೂರುವುದು ಸಲ್ಲದು.

ಎರಡನೆಯ ಅಧ್ಯಾಯ ಗೌರಿಬಿದನೂರಿನದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಅದು ಕೋಲಾರಕ್ಕೇ ಸೇರಿತ್ತು. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಗೋಳಭೌತ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಅಲ್ಲಿ ಕಟ್ಟಿದ ರೇಡಿಯೊ ದೂರದರ್ಶಕಕ್ಕೆ ತಟ್ಟೆಯಿಲ್ಲ. ಟಿ ಅಕ್ಷರದಂತೆ ಹರಡಿದ 1000 ಡೈಪೋಲ್‌ಗಳು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ ತೋಳು ಅರ್ಧ ಕಿ.ಮೀ.ಗೆ ತುಸು ಕಡಿಮೆ. ಕೆಲಸ 34.5 ಮೆಗಾಹರ್ಟ್ಸ್‌ನಲ್ಲಿ. ಭೂಮಿ ತಿರುಗಿದಂತೆ ಆಕಾಶವೇ ಅದರ ಮೇಲೆ ಹಾದುಹೋಗುತ್ತದೆ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ನಕ್ಷೆ ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗಿನ ಆಕಾಶವನ್ನು ಒಳಗೊಂಡಿದೆ. ದೇವಯಾನಿ ಅದರ ವ್ಯಾಪ್ತಿಯೊಳಗೆ, ಮೆಗೆಲನ್ ಮೋಡಗಳು ಹೊರಗೆ. ಆದರೆ ನಕ್ಷೆ ಬಿಡಿಸಿ ತೋರಬಲ್ಲ ಅತಿ ಚಿಕ್ಕ ವಿವರ ಸುಮಾರು ಹುಣ್ಣಿಮೆ ಚಂದ್ರನ ಅಗಲದಷ್ಟು. ದೇವಯಾನಿಯ ಸುರುಳಿ ತೋಳುಗಳನ್ನು ಬಿಡಿಸಿ ತೋರಿಸಲು ಅದು ಸಾಲದು. ಆ ನಕ್ಷೆಯ ಬೆಲೆ ನಮ್ಮದೇ ಆಕಾಶಗಂಗೆಯ ವಿಷಯದಲ್ಲಿ ಹೆಚ್ಚು.

ದೇವಯಾನಿಯ ಕೆಲಸ ನಿಜವಾಗಿ ಕುದುರಿದ್ದು ಹೊಸಕೋಟೆಯಲ್ಲಿ. ಅದು ಬೆಂಗಳೂರು ಗ್ರಾಮಾಂತರದ ಊರು. ಆದರೆ ಮಾಲೂರಿಗೆ ಮಗ್ಗುಲು, ಮುಳಬಾಗಿಲು-ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಇದೆ. ಖಗೋಳಭೌತ ಸಂಸ್ಥೆಯ ಅಲ್ಲಿನ ಕೇಂದ್ರದಲ್ಲಿ ಕುಳಿತು, ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದ ಮೇಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ದೇವಯಾನಿಯಲ್ಲಿ 2008ರ ಡಿಸೆಂಬರಿನಲ್ಲಿ ಜಪಾನಿನ ಹವ್ಯಾಸಿಗಳು ಪತ್ತೆಹಚ್ಚಿದ ನೋವಾ ಒಂದಿದೆ. ಸುಮಾರಾಗಿ ವರ್ಷಕ್ಕೊಮ್ಮೆ ಸಿಡಿಯುತ್ತದೆ. ಬೇರೆ ನೋವಾಗಳು ಸಾಮಾನ್ಯವಾಗಿ ಮತ್ತೆ ಸಿಡಿಯಲು ದಶಕಗಳನ್ನೋ ಸಾವಿರಾರು ವರ್ಷಗಳನ್ನೋ ತೆಗೆದುಕೊಳ್ಳುತ್ತವೆ. ಅದರೊಳಗಿನ ಶ್ವೇತಕುಬ್ಜದ ರಾಶಿ ಚಂದ್ರಶೇಖರ್ ಮಿತಿಗೆ, ಅಂದರೆ ಸೂರ್ಯನ 1.4 ಪಟ್ಟಿಗೆ, ತೀರ ಹತ್ತಿರ ಬಂದಿದೆ. ಇದರ ಸಿಡಿತಗಳನ್ನು ಬೆನ್ನುಹತ್ತಿದವುಗಳಲ್ಲಿ ಚಂದ್ರಶೇಖರ್ ಹೆಸರನ್ನೇ ಹೊತ್ತ ಈ ದೂರದರ್ಶಕವೂ ಒಂದು.

ಅದೇ ಹೊಸಕೋಟೆಯ ಆವರಣದ ಪ್ರಯೋಗಾಲಯದಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದರು. 2015ರ ಸೆಪ್ಟೆಂಬರ್ 28ರಂದು ಉಪಗ್ರಹ ಮೇಲೇರಿತು. ಒಂದು ಸಲಕ್ಕೆ ಅದಕ್ಕೆ ಕಾಣುವುದು 28 ಕಲೆಯಷ್ಟು ಅಗಲದ ವೃತ್ತ. ದೇವಯಾನಿ ಮೂರು ಡಿಗ್ರಿಯಷ್ಟು ಉದ್ದ. ಆದ್ದರಿಂದ ತುಂಡು ತುಂಡಾಗಿ ಚಿತ್ರ ತೆಗೆದು ಜೋಡಿಸಬೇಕಾಯಿತು. ಕೆನಡಾದ ಡೆನಿಸ್ ಲೇಹಿ ಮತ್ತು ಸಂಗಡಿಗರು ಅದರಿಂದ ಎಳೆಯ, ಬಿಸಿ ತಾರೆಗಳ ಪಟ್ಟಿ ಸಿದ್ಧಪಡಿಸಿದರು. ಆ ಪ್ರಯೋಗಾಲಯಕ್ಕೆ ಇಟ್ಟಿರುವ ಹೆಸರು ಎಂ.ಜಿ.ಕೆ. ಮೆನನ್ ಅವರದು. 1965ರಲ್ಲಿ ಚಾಂಪಿಯನ್ ರೀಫ್ಸ್ ಪ್ರಬಂಧಕ್ಕೆ ಸಹಿ ಹಾಕಿದವರು ಅವರೇ. ಗಣಿಗೂ ದೇವಯಾನಿಗೂ ನಡುವೆ ಇಷ್ಟು ನೇರವಾದ ಕೊಂಡಿ ಸಿಗುವುದು ವಿರಳ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಗೌರಿಬಿದನೂರು ಬೇರೆ ಜಿಲ್ಲೆಗೆ ಹೋಯಿತು, ಹೊಸಕೋಟೆ ಕೋಲಾರ ಜಿಲ್ಲೆಯದಲ್ಲ. ಕಡತಗಳು ಜಿಲ್ಲೆಯ ಗಡಿ ನೋಡಿ ಹಂಚಿಹೋದದ್ದರಿಂದ ಈ ಮೂರನ್ನೂ ಒಟ್ಟಿಗೆ ಓದುವ ರೂಢಿ ಬೆಳೆಯಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳ ಭೌತಶಾಸ್ತ್ರ ಮತ್ತು ಇತಿಹಾಸ ವಿಭಾಗಗಳು ಕೂಡಿ, ಗಣಿಯ ಪ್ರಯೋಗಗಳಿಗೆ ನೆರವಾದ ಕಾರ್ಮಿಕರ, ತಂತ್ರಜ್ಞರ ನೆನಪುಗಳನ್ನು ಅವರು ಇರುವಾಗಲೇ ದಾಖಲಿಸಿಕೊಳ್ಳಬೇಕು. ಮುಂದಿನ ಜಿಲ್ಲಾ ಗೆಜೆಟಿಯರ್‌ನಲ್ಲಿ ಚಿನ್ನದ ಅಧ್ಯಾಯದ ಪಕ್ಕದಲ್ಲೇ ಇದಕ್ಕೂ ಒಂದು ಅಧ್ಯಾಯ ಇರಲಿ.