‘ಐ7’ ಎಂದ ಮಾತ್ರಕ್ಕೆ ಕಂಪ್ಯೂಟರ್ ವೇಗವಾಗಿರುತ್ತದೆಯೇ?

‘ಐ7 ಡೆಸ್ಕ್‌ಟಾಪ್, ಅರ್ಧ ಬೆಲೆಗೆ!’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ನೀವು ಇಳಕಲ್‌ನಲ್ಲಿ ಡಿಟಿಪಿ ಅಂಗಡಿ ಇಟ್ಟವರಾಗಿರಿ, ಬಾಗಲಕೋಟೆಯಲ್ಲಿ ಓದುವವರಾಗಿರಿ, ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: ಯಾವ ಜನರೇಷನ್?

3, 5, 7 ಎಂಬುದು ಆಯಾ ಜನರೇಷನ್‌ನೊಳಗಿನ ದರ್ಜೆ ಮಾತ್ರ. 2011ರ ಐ7-2600ರಲ್ಲಿ 4 ಕೋರ್, 8 ಥ್ರೆಡ್, ಮೂಲ ವೇಗ 3.4 ಗಿಗಾಹರ್ಟ್ಸ್. 2022ರ ಐ3-12100ರಲ್ಲೂ 4 ಕೋರ್, 8 ಥ್ರೆಡ್. ಮೂಲ ವೇಗ 3.3. ಕಾಗದದ ಮೇಲೆ ಹಳೆಯದೇ ಗೆದ್ದಂತೆ ಕಾಣುತ್ತದೆ. ಆದರೆ ಹೊಸ ಚಿಪ್ ಅಷ್ಟೇ ಗಿಗಾಹರ್ಟ್ಸ್‌ನಲ್ಲಿ ಹೆಚ್ಚು ಕೆಲಸ ಮುಗಿಸುತ್ತದೆ, ಹಾಗಾಗಿ ಈ ‘ಚಿಕ್ಕ’ ಐ3 ಆ ಐ7ಗಿಂತ ಬಹಳ ಮುಂದಿದೆ. ಜನರೇಷನ್ ಹೆಸರಿನಲ್ಲೇ ಇದೆ: 2600 ಎಂದರೆ 2ನೆಯದು, 12100 ಎಂದರೆ 12ನೆಯದು.

ಇನ್ನೊಂದು ತೊಡಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಇಂಟೆಲ್ ಚಿಪ್‌ಗಳ ಪಟ್ಟಿ ಬಹುಮಟ್ಟಿಗೆ 8ನೇ ಜನರೇಷನ್‌ನಿಂದ ಶುರುವಾಗುತ್ತದೆ.

ಚಿಪ್ ಮಾತ್ರ ಬದಲಿಸಿದರೆ ಸಾಲದೇ? ಯಾವಾಗಲೂ ಇಲ್ಲ. 7 ಮತ್ತು 8ನೇ ಜನರೇಷನ್ ಎರಡರ ಸಾಕೆಟ್ ಹೆಸರೂ ಎಲ್‌ಜಿಎ 1151. ಆದರೂ 8ನೆಯದಕ್ಕೆ ಬೇರೆ ಮದರ್‌ಬೋರ್ಡ್ ಬೇಕು. ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಪ್ರತ್ಯೇಕ ಕಾರ್ಡ್ ಹಾಕದೆ ಪರದೆ ಹೊತ್ತುವುದಿಲ್ಲ.

ನುಡಿಯಲ್ಲಿ ಟೈಪ್ ಮಾಡಲು, ಅರ್ಜಿ ತುಂಬಲು ಇದೆಲ್ಲ ಬೇಕೇ? ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಕಂಪ್ಯೂಟರ್ ತಿಣುಕುವಾಗ ಸಿಪಿಯು ಆರಾಮಾಗಿದ್ದು, ಡಿಸ್ಕ್ ಮಾತ್ರ 100 ಪ್ರತಿಶತ ತೋರಿಸಿದರೆ ಪ್ರೊಸೆಸರ್ ಬಿಡಿ, ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ.